ಹೊರಗೆ ಹಿಮ, ಒಳಗೆ ಬದನೆ ಸಸಿ: ಚಳಿನಾಡಿನ ಕೈತೋಟಕ್ಕೆ ಮನೆಯೊಳಗೇ ಅಗೆ ಬೆಳೆಸುವ ಸಮಗ್ರ ಮಾರ್ಗದರ್ಶಿ

ಶಿಕಾಗೊದ ಉಪನಗರಗಳಲ್ಲಿ ಬಯಲಲ್ಲಿ ತರಕಾರಿ ಬೆಳೆಯಲು ಸಿಗುವ ಕಾಲ ಮೇ ನಡುವಿನಿಂದ ಅಕ್ಟೋಬರ್ ಮೊದಲರ್ಧದವರೆಗೆ, ಹೆಚ್ಚೆಂದರೆ ಐದು ತಿಂಗಳು. ಬದನೆ ಬೀಜ ಮೊಳೆತು, ಗಿಡವಾಗಿ, ಮೊದಲ ಕಾಯಿ ಕೊಡಲು ನಾಲ್ಕು ತಿಂಗಳು ಬೇಕು. ಮೇ ಕೊನೆಯಲ್ಲಿ ನೆಲಕ್ಕೆ ಬೀಜ ಹಾಕಿದರೆ ಗಿಡ ಕಾಯಿ ಕಚ್ಚುವ ಹೊತ್ತಿಗೆ ರಾತ್ರಿಗಳು ತಣ್ಣಗಾಗಿ, ಇರುವ ಕಾಯಿಯೂ ಬಲಿಯುವುದಿಲ್ಲ. ಆದ್ದರಿಂದ ಬದನೆ, ಮೆಣಸಿನಕಾಯಿ, ಟೊಮೆಟೊ ಗಿಡಗಳು ತಮ್ಮ ಬಾಲ್ಯದ ಎರಡು ತಿಂಗಳನ್ನು ಮನೆಯೊಳಗೆ ಕಳೆಯಲೇಬೇಕು.

ಊರಿನ ಹಿತ್ತಿಲಲ್ಲಿ ಮಡಿ ಮಾಡಿ ಮೆಣಸಿನ ಅಗೆ ಹಾಕಿದವರಿಗೆ ಈ ಕೆಲಸ ಹೊಸದೇನಲ್ಲ. ಅಲ್ಲಿ ಶಾಖವೂ ಬಿಸಿಲೂ ಪುಕ್ಕಟೆ ಸಿಗುತ್ತಿದ್ದವು, ಇಲ್ಲಿ ಎರಡಕ್ಕೂ ವಿದ್ಯುತ್ ಬಿಲ್ ಕಟ್ಟಬೇಕು. ಅಗೆ ಕೆಟ್ಟ ಮನೆಗಳಲ್ಲಿ ವಿಚಾರಿಸಿ ನೋಡಿದರೆ ಕಾರಣ ಬಹುಪಾಲು ಎರಡೇ: ಆತುರದಿಂದ ಬೇಗ ಬಿತ್ತಿದ್ದು, ಬೆಳಕು ಸಾಲದೇ ಹೋದದ್ದು. ಗೊಬ್ಬರ, ಮಣ್ಣು, ತಳಿ ಎಲ್ಲವೂ ಆಮೇಲಿನ ಮಾತು. ಈ ಬರಹದಲ್ಲೂ ಆ ಎರಡಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ದಿನ ಗೊತ್ತುಮಾಡಿಕೊಳ್ಳಿ

ಎಲ್ಲ ಲೆಕ್ಕವೂ ಶುರುವಾಗುವುದು ಕೊನೆಯ ಫ್ರಾಸ್ಟ್‌ನಿಂದ, ಅಂದರೆ ವಸಂತದಲ್ಲಿ ಇಬ್ಬನಿ ಗಿಡದ ಮೇಲೆ ಹೆಪ್ಪುಗಟ್ಟುವ ಕೊನೆಯ ರಾತ್ರಿಯಿಂದ. ಶಿಕಾಗೊ ಉಪನಗರಗಳಲ್ಲಿ ಮೇ 15 ಎಂದು ಹಿಡಿದರೆ ಬಹುತೇಕ ವರ್ಷ ಮೋಸವಿಲ್ಲ. ಮಿಶಿಗನ್ ಸರೋವರದ ಅಂಚಿನ ನಗರ ಭಾಗದಲ್ಲಿ ಫ್ರಾಸ್ಟ್ ಬೇಗ ಮುಗಿಯುತ್ತದೆ, ಆದರೆ ಸರೋವರದ ತಣ್ಣನೆಯ ಗಾಳಿಯಿಂದ ಅಲ್ಲಿ ಮೇ ತಿಂಗಳೂ ಚಳಿಯದೇ. ಇಲ್ಲಿನ ಹಳಬರು ಮೇ ಎರಡನೆಯ ಭಾನುವಾರ, ಅಂದರೆ ಅಮ್ಮಂದಿರ ದಿನ ಕಳೆಯುವವರೆಗೆ ಟೊಮೆಟೊ ನೆಡುವುದಿಲ್ಲ. ಟೊರಾಂಟೊ ಕಡೆ ಮೇ ಕೊನೆಯ ವಿಕ್ಟೋರಿಯಾ ದಿನದ ರಜೆಗೆ ಕಾಯುತ್ತಾರೆ. ಡಲ್ಲಾಸ್‌ನಲ್ಲಿ ಮಾರ್ಚ್ ಮುಗಿಯುವ ಹೊತ್ತಿಗೇ ಟೊಮೆಟೊ ನೆಲ ಸೇರಿರುತ್ತದೆ, ಹಾಗಾಗಿ ಅಲ್ಲಿಯವರು ಜನವರಿಯಲ್ಲೇ ಬಿತ್ತಬೇಕು. ಮೆಲ್ಬರ್ನ್‌ನಲ್ಲಿರುವವರಿಗೆ ಇಡೀ ಪಂಚಾಂಗವೇ ತಿರುಗುಮುರುಗು, ಅವರ ಬಿತ್ತನೆ ಆಗಸ್ಟ್‌ನಲ್ಲಿ.

ನರ್ಸರಿಯ ಗಿಡಗಳ ಮೇಲೆ ಬರೆದಿರುವ ವಲಯದ ಸಂಖ್ಯೆಯನ್ನು ನೋಡಿ ಬಿತ್ತನೆಯ ದಿನ ನಿರ್ಧರಿಸಬೇಡಿ. ಅದು ಚಳಿಗಾಲದಲ್ಲಿ ನಿಮ್ಮೂರಿನ ಉಷ್ಣತೆ ಎಷ್ಟು ಕೆಳಗಿಳಿಯುತ್ತದೆ ಎಂದಷ್ಟೇ ಹೇಳುತ್ತದೆ. ಸೇಬಿನ ಮರ ಬದುಕುತ್ತದೆಯೇ ಎಂದು ತಿಳಿಯಲು ಅದು ಬೇಕು, ಟೊಮೆಟೊ ಯಾವಾಗ ನೆಡಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಯುಗಾದಿಗೆ ಬಿತ್ತುವ ಆಸೆಯೂ ಅನೇಕರಿಗಿದೆ. ಆಸೆ ಚೆನ್ನಾಗಿದೆ, ಆದರೆ 2024ರಲ್ಲಿ ಯುಗಾದಿ ಬಂದದ್ದು ಏಪ್ರಿಲ್ 9ಕ್ಕೆ, 2025ರಲ್ಲಿ ಮಾರ್ಚ್ 30ಕ್ಕೆ, 2026ರಲ್ಲಿ ಮಾರ್ಚ್ 19ಕ್ಕೆ. ಹಬ್ಬ ಮೂರು ವಾರ ಹಿಂದೆ ಮುಂದೆ ಓಡಾಡುತ್ತದೆ, ಸಸಿಗೆ ಮೂರು ವಾರ ಎಂದರೆ ಅರ್ಧ ಬಾಲ್ಯ. ಹಬ್ಬದ ದಿನ ಒಂದು ಟ್ರೇ ಶಾಸ್ತ್ರಕ್ಕೆ ಬಿತ್ತಿ, ಉಳಿದದ್ದನ್ನು ಫ್ರಾಸ್ಟ್ ಲೆಕ್ಕಕ್ಕೆ ಬಿಡಿ.

ಮೇ 15 ಎಂದು ಹಿಡಿದರೆ ನಾನು ಅನುಸರಿಸುವ ಲೆಕ್ಕ ಹೀಗಿದೆ:

- ಈರುಳ್ಳಿ: ಫೆಬ್ರವರಿ ನಡುವೆ ಬಿತ್ತನೆ, ಏಪ್ರಿಲ್ ಕೊನೆಯರ್ಧದಲ್ಲಿ ನಾಟಿ.
- ಎಲೆಕೋಸು, ಹೂಕೋಸು, ನವಿಲುಕೋಸು: ಮಾರ್ಚ್ ಮೊದಲ ವಾರ ಬಿತ್ತನೆ, ಏಪ್ರಿಲ್ ನಡುವೆ ನಾಟಿ. ಇವು ಸಣ್ಣ ಫ್ರಾಸ್ಟ್ ತಡೆಯುತ್ತವೆ.
- ಮೆಣಸಿನಕಾಯಿ, ದಪ್ಪ ಮೆಣಸಿನಕಾಯಿ: ಮಾರ್ಚ್ ನಡುವೆ ಬಿತ್ತನೆ, ಮೇ ಕೊನೆಯ ವಾರ ನಾಟಿ.
- ಬದನೆ: ಮಾರ್ಚ್ ಮೂರು ಅಥವಾ ನಾಲ್ಕನೆಯ ವಾರ ಬಿತ್ತನೆ, ಮೇ ಕೊನೆಯ ವಾರ ನಾಟಿ.
- ಟೊಮೆಟೊ: ಏಪ್ರಿಲ್ ಮೊದಲ ವಾರ ಬಿತ್ತನೆ, ಮೇ 15 ಕಳೆದ ಮೇಲೆ ನಾಟಿ.
- ಹೀರೆ, ಹಾಗಲ, ಪಡವಲ, ಸೋರೆ, ಸೌತೆ, ಬೆಂಡೆ: ಮೇ ಮೊದಲ ವಾರ ಬಿತ್ತನೆ, ಜೂನ್ ಮೊದಲ ವಾರ ನಾಟಿ.

ಟೊಮೆಟೊ ಇಷ್ಟು ತಡವೇ ಎಂದು ಹುಬ್ಬೇರಿಸುವವರಿದ್ದಾರೆ. ಫೆಬ್ರವರಿಯಲ್ಲಿ ಬಿತ್ತಿದ ಟೊಮೆಟೊ ಮೇ ಬರುವಷ್ಟರಲ್ಲಿ ಎರಡು ಅಡಿ ಎತ್ತರವಾಗಿ, ಸಣ್ಣ ಕುಂಡದಲ್ಲಿ ಬೇರು ಸುತ್ತಿಕೊಂಡು, ಕೆಳಗಿನ ಎಲೆ ಹಳದಿಯಾಗಿ ನಿಂತಿರುತ್ತದೆ. ನೆಟ್ಟ ಮೇಲೆ ಅದು ಚೇತರಿಸಿಕೊಳ್ಳುತ್ತಾ ಕೂರುವ ಹೊತ್ತಿಗೆ ಆರು ವಾರದ ಗಿಡ್ಡ, ಗಟ್ಟಿ ಸಸಿ ಅದನ್ನು ದಾಟಿ ಹೋಗುತ್ತದೆ. ಬೀಜದ ಪೊಟ್ಟಣದ ಮೇಲಿನ '70 ದಿನ' ಎಂಬುದನ್ನೂ ಸರಿಯಾಗಿ ಓದಬೇಕು. ಟೊಮೆಟೊ, ಬದನೆ, ಮೆಣಸಿನಕಾಯಿಗೆ ಆ ದಿನಗಳನ್ನು ಎಣಿಸುವುದು ಸಾಮಾನ್ಯವಾಗಿ ನಾಟಿಯ ದಿನದಿಂದ, ಬಿತ್ತನೆಯ ದಿನದಿಂದಲ್ಲ.

ಒಳಗೆ ಬಿತ್ತಲೇಬಾರದ ಬೀಜಗಳೂ ಇವೆ. ಮೂಲಂಗಿ, ಕ್ಯಾರೆಟ್‌ಗಳನ್ನು ಕಿತ್ತು ನೆಟ್ಟರೆ ಗೆಡ್ಡೆ ಸೊಟ್ಟಗಾಗುತ್ತದೆ ಇಲ್ಲವೇ ಕವಲೊಡೆಯುತ್ತದೆ. ಹುರುಳಿಕಾಯಿ, ಅಲಸಂದೆ, ಗೋರಿಕಾಯಿ, ಮೆಂತ್ಯ, ಕೊತ್ತಂಬರಿ, ದಂಟು ಇವನ್ನೆಲ್ಲ ನೇರ ಮಡಿಗೆ ಹಾಕಿ.

ಯಾವ ಬೀಜ, ಎಲ್ಲಿಂದ

ಊರಿಗೆ ಹೋದಾಗ ಸೆರಗಿನ ತುದಿಯಲ್ಲಿ ಗಂಟು ಕಟ್ಟಿ ಬೀಜ ಕೊಡುವ ಅತ್ತೆಯರು ಎಲ್ಲರಿಗೂ ಇದ್ದಾರೆ. ಆದರೆ ಬಿತ್ತನೆ ಬೀಜವನ್ನು ಅಮೆರಿಕಕ್ಕೆ ತರಬೇಕಾದರೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಕೈಚೀಲದಲ್ಲಿ ಹಾಗೇ ತಂದರೆ ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ, ಘೋಷಿಸದೆ ಸಿಕ್ಕಿಬಿದ್ದರೆ ದಂಡವನ್ನೂ ಹಾಕಬಹುದು. ಬೀಜದ ಜೊತೆ ವೈರಸ್ ರೋಗಗಳೂ ಪ್ರಯಾಣ ಮಾಡುತ್ತವೆ, ಆದ್ದರಿಂದ ಈ ನಿಯಮಕ್ಕೆ ಅರ್ಥವಿದೆ. ಹೀರೆ, ಪಡವಲ, ಹಾಗಲ, ದುಂಡು ಹಸಿರು ಬದನೆ, ಬಸಳೆ ಎಲ್ಲದರ ಬೀಜವನ್ನೂ ಇಲ್ಲೇ ಮಾರುವವರಿದ್ದಾರೆ, ಅವರಿಂದ ಕೊಳ್ಳಿ. ಬಸಳೆಗಂತೂ ಬೀಜವೇ ಬೇಕಿಲ್ಲ. ಭಾರತೀಯ ಅಂಗಡಿಯಲ್ಲಿ ತಂದ ದಪ್ಪ ದಂಟನ್ನು ನೀರಿನಲ್ಲಿ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಬೇರು ಬಿಡುತ್ತದೆ.

ಎರಡು ಬೆಳೆಗಳಲ್ಲಿ ತಳಿಯ ಆಯ್ಕೆ ತಪ್ಪಿದರೆ ಉಳಿದ ಶ್ರಮವೆಲ್ಲ ನೀರುಪಾಲು. ಒಂದು ಈರುಳ್ಳಿ. ಅದು ಗೆಡ್ಡೆ ಕಟ್ಟುವುದು ಹಗಲಿನ ಉದ್ದ ನೋಡಿ. ನಮ್ಮ ನಾಡಿನ ತಳಿಗಳು ಕಿರುಹಗಲಿನವು, ಶಿಕಾಗೊದ ಉದ್ದದ ಹಗಲಿಗೆ ಸಿಕ್ಕರೆ ಗಿಡ ಬೆಳೆಯುವ ಮುಂಚೆಯೇ ಗೋಲಿಯಷ್ಟು ಗೆಡ್ಡೆ ಕಟ್ಟಿ ಮುಗಿಸುತ್ತವೆ. ಇಲ್ಲಿಗೆ ದೀರ್ಘ ಹಗಲಿನ ತಳಿಯೇ ಬೇಕು. ಇನ್ನೊಂದು ಅವರೆ. ಊರಿನ ಸಾಂಪ್ರದಾಯಿಕ ಅವರೆ ಹಗಲು ಗಿಡ್ಡವಾಗುವವರೆಗೆ ಹೂ ಬಿಡುವುದಿಲ್ಲ, ಅದಕ್ಕೇ ಬೆಂಗಳೂರಿನಲ್ಲಿ ಸೊಗಡಿನ ಅವರೆಕಾಯಿ ಬರುವುದು ಮಾಗಿಯ ಚಳಿಯಲ್ಲಿ. ಶಿಕಾಗೊದಲ್ಲಿ ಹಗಲು 12 ಗಂಟೆಗೆ ಇಳಿಯುವುದು ಸೆಪ್ಟೆಂಬರ್ ಕೊನೆಗೆ. ಬಳ್ಳಿ ಬೇಲಿ ತುಂಬ ಹಬ್ಬಿ, ಹೂವಿನ ಗೊಂಚಲು ತೋರಿಸುವಷ್ಟರಲ್ಲಿ ಫ್ರಾಸ್ಟ್ ಬಂದು ಎಲ್ಲವನ್ನೂ ಕಪ್ಪಾಗಿಸುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳು ಹಗಲಿನ ಉದ್ದಕ್ಕೆ ಕಾಯದೆ ಹೂ ಬಿಡುವಂಥವು. ಅಂಥ ಗುಣದ ತಳಿಯ ಬೀಜ ನೇರ ಮಾರ್ಗದಲ್ಲಿ ಸಿಕ್ಕರೆ ಮಾತ್ರ ಅವರೆಗೆ ಕೈ ಹಾಕಿ.

ಹಳೆಯ ಪೊಟ್ಟಣಗಳ ವಿಷಯಕ್ಕೆ ಬಂದರೆ, ಈರುಳ್ಳಿ ಬೀಜಕ್ಕೆ ಒಂದು ವರ್ಷದ ಆಯುಷ್ಯ. ಮೆಣಸಿನಕಾಯಿ, ಬೆಂಡೆ ಎರಡು ವರ್ಷ ನಂಬಬಹುದು. ಟೊಮೆಟೊ, ಬದನೆ, ಸೌತೆ ನಾಲ್ಕು ವರ್ಷ ತಾಳುತ್ತವೆ. ಅನುಮಾನವಿದ್ದರೆ ಹತ್ತು ಬೀಜವನ್ನು ಒದ್ದೆ ಕಾಗದದ ಟವೆಲಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಫ್ರಿಜ್ ಮೇಲೆ ಬೆಚ್ಚಗಿರುವಲ್ಲಿ ಇಡಿ. ಹತ್ತರಲ್ಲಿ ಆರು ಮೊಳೆತರೆ ಒತ್ತಾಗಿ ಬಿತ್ತಿ, ಮೂರೇ ಮೊಳೆತರೆ ಹೊಸದು ಕೊಳ್ಳಿ.

ಬೆಳಕು: ಹಣ ಹಾಕುವುದಾದರೆ ಇಲ್ಲೇ ಹಾಕಿ

ದಕ್ಷಿಣದ ಕಿಟಕಿ ಸಾಕು ಎಂದು ಎಲ್ಲರೂ ನಂಬುತ್ತಾರೆ. ಮಾರ್ಚ್‌ನಲ್ಲಿ ಮೋಡ ಕವಿದ ದಿನಗಳೇ ಹೆಚ್ಚು, ಬಂದ ಬೆಳಕೂ ಒಂದೇ ಕಡೆಯಿಂದ, ಅದೂ ಕೆಲವೇ ಗಂಟೆ. ರಾತ್ರಿ ಗಾಜಿನ ಪಕ್ಕದ ಜಾಗ ಕೋಣೆಗಿಂತ ಎಷ್ಟೋ ತಣ್ಣಗೆ. ಸಸಿ ಬೆಳಕನ್ನು ಹುಡುಕುತ್ತಾ ದಾರದಂತೆ ನೀಳವಾಗಿ ಎದ್ದು ಗಾಜಿನ ಕಡೆ ಬಾಗುತ್ತದೆ. ಹಾಗೆ ಒಮ್ಮೆ ಸೊಣಕಲಾದ ಮೆಣಸಿನ ಸಸಿಯನ್ನು ಮತ್ತೆ ಗಟ್ಟಿ ಮಾಡುವುದು ಕಷ್ಟ.

ಇದಕ್ಕೆ 'ಗಿಡಗಳಿಗಾಗಿಯೇ ವಿಶೇಷ' ಎಂದು ಮಾರುವ ನೇರಳೆ ಬಣ್ಣದ ದುಬಾರಿ ದೀಪವೇ ಬೇಕಿಲ್ಲ. ಗ್ಯಾರೇಜಿಗೆ ಹಾಕುವ ನಾಲ್ಕು ಅಡಿಯ ಬಿಳಿ ಎಲ್ಇಡಿ ಶಾಪ್‌ಲೈಟ್ ಧಾರಾಳವಾಗಿ ಸಾಕು. ಡಬ್ಬಿಯ ಮೇಲೆ 5000 ಕೆಲ್ವಿನ್ ಅಥವಾ ಅದಕ್ಕೆ ಹತ್ತಿರದ ಸಂಖ್ಯೆ ಮತ್ತು 4000ಕ್ಕಿಂತ ಹೆಚ್ಚು ಲ್ಯೂಮೆನ್ ಇದೆಯೇ ನೋಡಿ. ನರ್ಸರಿಗಳಲ್ಲಿ ಬಳಸುವ ಟ್ರೇ ಸುಮಾರು 10 ಅಂಗುಲ ಅಗಲ, 20 ಅಂಗುಲ ಉದ್ದ. ಎರಡು ಟ್ರೇಗಳನ್ನು ಉದ್ದಕ್ಕೆ ಜೋಡಿಸಿದರೆ 40 ಅಂಗುಲ, ನಾಲ್ಕು ಅಡಿ ದೀಪದಡಿ ಸರಿಯಾಗಿ ಕೂರುತ್ತವೆ. ಬೇಸ್‌ಮೆಂಟಿನ ತಂತಿ ಕಪಾಟಿಗೆ ದೀಪವನ್ನು ಸರಪಳಿಯಿಂದ ನೇತುಹಾಕಿ, ಸಸಿ ಎತ್ತರವಾದಂತೆ ದೀಪವನ್ನೂ ಒಂದೊಂದು ಕೊಂಡಿ ಮೇಲೇರಿಸಬಹುದು.

ದೀಪ ಮತ್ತು ಸಸಿಯ ತುದಿಯ ನಡುವಿನ ಅಂತರ ನಾಲ್ಕರಿಂದ ಆರು ಅಂಗುಲ. ಚಾವಣಿಯ ದೀಪ ಉರಿಯುತ್ತಿದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳುವುದು ವ್ಯರ್ಥ, ದೂರ ಹೆಚ್ಚಿದಂತೆ ಬೆಳಕು ಬೇಗನೆ ಕುಗ್ಗುತ್ತದೆ. ಸಸಿ ನೀಳವಾದರೆ ದೀಪ ಇಳಿಸಿ. ಎಲೆಗಳು ಬಿಳಿಚಿಕೊಂಡು ಅಂಚು ಮಡಚಿದರೆ ಸ್ವಲ್ಪ ಏರಿಸಿ. ಟೈಮರ್ ಹಾಕಿ ದಿನಕ್ಕೆ 14ರಿಂದ 16 ಗಂಟೆ ಉರಿಸಿ, ರಾತ್ರಿ ಆರಿಸಲೇಬೇಕು. ಹಗಲೂ ರಾತ್ರಿ ಬೆಳಕು ಕೊಟ್ಟರೆ ಟೊಮೆಟೊ ಎಲೆಗಳು ಹಳದಿಗಟ್ಟಿ ಹಾಳಾಗುತ್ತವೆ. ಖರ್ಚಿನ ಬಗ್ಗೆ ಹೆದರಬೇಡಿ. 40 ವಾಟ್ ದೀಪ 16 ಗಂಟೆ ಉರಿದರೆ 0.64 ಯೂನಿಟ್, ತಿಂಗಳಿಗೆ 20 ಯೂನಿಟ್‌ಗೂ ಕಡಿಮೆ.

ಮಿಶ್ರಣ, ಟ್ರೇ

ಹಿತ್ತಿಲ ಮಣ್ಣನ್ನು ಒಳಗೆ ತರಬೇಡಿ. ಇಲ್ಲಿನ ಜೇಡಿ ಮಣ್ಣು ಟ್ರೇಯ ಸಣ್ಣ ಗುಂಡಿಯಲ್ಲಿ ಇಟ್ಟಿಗೆಯಾಗುತ್ತದೆ, ಜೊತೆಗೆ ಶಿಲೀಂಧ್ರಗಳೂ ಬರುತ್ತವೆ. ಪೀಟ್ (ಜೌಗು ನೆಲದ ಕೊಳೆತ ಪಾಚಿಯ ಪುಡಿ) ಅಥವಾ ತೆಂಗಿನ ನಾರಿನ ಪುಡಿಗೆ ಪರ್ಲೈಟ್, ವರ್ಮಿಕ್ಯುಲೈಟ್ ಎಂಬ ಹಗುರ ಖನಿಜದ ಕಾಳುಗಳನ್ನು ಬೆರೆಸಿದ ಬಿತ್ತನೆ ಮಿಶ್ರಣವನ್ನೇ ಕೊಳ್ಳಿ. ಒಣ ಪೀಟ್ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಮೇಲೆ ಸುರಿದದ್ದು ಬದಿಯಿಂದ ಹರಿದು ಹೋಗುತ್ತದೆ. ಹಾಗಾಗಿ ದೊಡ್ಡ ಬಕೆಟ್ಟಿಗೆ ಮಿಶ್ರಣ ಹಾಕಿ, ಬಿಸಿ ನೀರನ್ನು ಸ್ವಲ್ಪ ಸ್ವಲ್ಪವೇ ಎರೆದು ಕಲಸಿ ಅರ್ಧ ಗಂಟೆ ಮುಚ್ಚಿಡಿ. ತರಿ ಕಡುಬಿಗೆ ರವೆಯ ಮೇಲೆ ನೀರು ಚಿಮುಕಿಸಿದಾಗ ಬರುವ ಹದ ಇಲ್ಲೂ ಬರಬೇಕು. ಮುಷ್ಟಿಯಲ್ಲಿ ಒತ್ತಿದರೆ ಉಂಡೆಯಾಗಬೇಕು, ಬೆರಳ ಸಂದಿನಿಂದ ಒಂದೆರಡು ಹನಿಗಿಂತ ಹೆಚ್ಚು ನೀರು ಇಳಿಯಬಾರದು.

72 ಗುಂಡಿಗಳ ಟ್ರೇ ಟೊಮೆಟೊ, ಬದನೆ, ಮೆಣಸಿನಕಾಯಿಗೆ ಸರಿ. ದಪ್ಪ ಬೀಜದ ಹೀರೆ, ಸೋರೆ, ಬೆಂಡೆಗಳನ್ನು ನೇರ ಮೂರ್ನಾಲ್ಕು ಅಂಗುಲದ ಕುಂಡದಲ್ಲೇ ಬಿತ್ತಿ, ಅವಕ್ಕೆ ಬೇರು ಅಲುಗಿಸಿದರೆ ಆಗದು. ಮನೆಯಲ್ಲಿ ಕೂಡಿಬಿದ್ದಿರುವ ಮೊಸರಿನ ದೊಡ್ಡ ಡಬ್ಬಿಗಳ ತಳಕ್ಕೆ ನಾಲ್ಕು ತೂತು ಕೊರೆದರೆ ಒಳ್ಳೆಯ ಕುಂಡವೇ. ಹಿಂದಿನ ವರ್ಷದ ಟ್ರೇಗಳನ್ನು ಮಣ್ಣು ಹೋಗುವಂತೆ ಉಜ್ಜಿ, ಒಂಬತ್ತು ಭಾಗ ನೀರಿಗೆ ಒಂದು ಭಾಗ ಬ್ಲೀಚ್ ಬೆರೆಸಿದ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿ ತೊಳೆಯಿರಿ.

ಬಿತ್ತನೆ ಮತ್ತು ಮೊಳಕೆ

ಬೀಜದ ದಪ್ಪದ ಎರಡು ಮೂರು ಪಟ್ಟು ಆಳ ಎಂಬುದು ಸಾಮಾನ್ಯ ನಿಯಮ. ಟೊಮೆಟೊ, ಬದನೆಗೆ ಕಾಲು ಅಂಗುಲ, ಹೀರೆ, ಸೋರೆಗೆ ಮುಕ್ಕಾಲು ಅಂಗುಲ. ಗುಂಡಿಗೆ ಎರಡು ಬೀಜ ಹಾಕಿ, ಮೇಲೆ ತೆಳುವಾಗಿ ಮಿಶ್ರಣ ಉದುರಿಸಿ, ಬೆರಳಿನಿಂದ ಮೆಲ್ಲಗೆ ಒತ್ತಿ. ಆಮೇಲೆ ಪಾರದರ್ಶಕ ಮುಚ್ಚಳ ಅಥವಾ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ. ಹೆಸರಿನ ಚೀಟಿಯನ್ನು ಆ ಕ್ಷಣವೇ ಚುಚ್ಚಿ, ಪೆನ್ಸಿಲ್‌ನಲ್ಲಿ ಬರೆದದ್ದು ನೀರಿಗೆ ಅಳಿಯುವುದಿಲ್ಲ. ಟೊಮೆಟೊ ತಳಿಗಳೆಲ್ಲ ಜುಲೈವರೆಗೆ ಒಂದೇ ಮುಖದವು.

ಮೊಳೆಯಲು ಬೆಳಕಿಗಿಂತ ಶಾಖ ಮುಖ್ಯ, ಶಾಖ ಬೇಕಾದದ್ದೂ ಮಣ್ಣಿಗೆ, ಕೋಣೆಯ ಗಾಳಿಗಲ್ಲ. ಟೊಮೆಟೊಗೆ 24ರಿಂದ 28 ಡಿಗ್ರಿ ಸೆಲ್ಸಿಯಸ್, ಬದನೆ, ಮೆಣಸಿನಕಾಯಿ, ಬೆಂಡೆ, ಬಳ್ಳಿ ಕಾಯಿಗಳಿಗೆ 27ರಿಂದ 30 ಡಿಗ್ರಿ. ಬೇಸ್‌ಮೆಂಟ್ ಮಾರ್ಚ್‌ನಲ್ಲಿ 17–18 ಡಿಗ್ರಿ ಇರುತ್ತದೆ. ಟ್ರೇಯಡಿ ಹಾಸುವ ಹೀಟ್ ಮ್ಯಾಟ್ ಇದ್ದರೆ ಮಣ್ಣಿನ ಶಾಖ ಐದರಿಂದ ಹತ್ತು ಡಿಗ್ರಿ ಏರುತ್ತದೆ. ಬೆಚ್ಚಗಿದ್ದರೆ ಟೊಮೆಟೊ ಒಂದು ವಾರದೊಳಗೆ, ಬದನೆ, ಮೆಣಸಿನಕಾಯಿ ಒಂದರಿಂದ ಎರಡು ವಾರದಲ್ಲಿ ತಲೆ ಎತ್ತುತ್ತವೆ. ಶಾಖವಿಲ್ಲದೆ ಮೆಣಸಿನಕಾಯಿ ತಿಂಗಳಾದರೂ ಸುಮ್ಮನಿರಬಹುದು, ಅಷ್ಟರಲ್ಲಿ ಬೀಜ ಕೊಳೆಯಲೂಬಹುದು. ಎಲೆಕೋಸು, ನವಿಲುಕೋಸುಗಳಿಗೆ ಮ್ಯಾಟ್ ಬೇಡ, ಅವು ತಂಪಿನ ಮಕ್ಕಳು. ಲೆಟ್ಯೂಸ್ ಬೀಜವನ್ನಂತೂ ಮ್ಯಾಟ್ ಮೇಲಿಟ್ಟರೆ ನಿದ್ದೆಗೆ ಜಾರುತ್ತದೆ, ಅದನ್ನು ಮಣ್ಣಿನಿಂದ ಮುಚ್ಚಲೂ ಬೇಡಿ.

ಹಾಗಲ, ಪಡವಲ, ಹೀರೆ ಬೀಜಗಳ ಚಿಪ್ಪು ಗಟ್ಟಿ. ಉಗುರು ಕತ್ತರಿಯಿಂದ ಬೀಜದ ಅಂಚಿನಲ್ಲಿ, ಚೂಪು ತುದಿಯಿಂದ ದೂರದಲ್ಲಿ, ಚಿಪ್ಪು ಮಾತ್ರ ಸೀಳುವಂತೆ ಒಂದು ಸಣ್ಣ ಕಚ್ಚು ಹಾಕಿ. ಒಳಗಿನ ತಿರುಳು ಗಾಯವಾಗಬಾರದು. ರಾತ್ರಿಯಿಡೀ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಒದ್ದೆ ಕಾಗದದಲ್ಲಿ ಸುತ್ತಿ ಚೀಲದೊಳಗೆ ಹೀಟ್ ಮ್ಯಾಟ್ ಮೇಲಿಡಿ. ಮೂರನೆಯ ದಿನದಿಂದ ದಿನವೂ ಬಿಚ್ಚಿ ನೋಡಿ. ಬಿಳಿಯ ಬೇರು ಅರ್ಧ ಅಂಗುಲ ಮೀರುವ ಮೊದಲೇ, ಬೇರನ್ನು ಕೆಳಮುಖ ಮಾಡಿ ಕುಂಡಕ್ಕೆ ಸೇರಿಸಿ. ಕಾಗದಕ್ಕೆ ಬೇರು ಅಂಟಿಕೊಂಡಿದ್ದರೆ ಎಳೆಯಬೇಡಿ, ಕಾಗದದ ಚೂರಿನೊಂದಿಗೇ ಹೂತುಬಿಡಿ.

ಮೊದಲ ಕೆಲವು ಮೊಳಕೆ ಕಂಡ ದಿನವೇ ಮುಚ್ಚಳ ತೆಗೆದು, ಟ್ರೇಯನ್ನು ಮ್ಯಾಟ್‌ನಿಂದ ಎತ್ತಿ ದೀಪದಡಿ ಇಡಿ. ಇನ್ನೂ ಎಲ್ಲವೂ ಬಂದಿಲ್ಲವಲ್ಲ ಎಂದು ಕಾಯುತ್ತಾ ಕುಳಿತರೆ ಬಂದವು ಹಾಳಾಗುತ್ತವೆ, ಕತ್ತಲಲ್ಲಿ ಒಂದೇ ದಿನದಲ್ಲಿ ಟೊಮೆಟೊ ಸೊಣಕಲಾಗಿ ನೀಳವಾಗಬಲ್ಲದು. ಕೆಲವು ಮೊಳಕೆಗಳು ಬೀಜದ ಚಿಪ್ಪನ್ನು ಟೋಪಿಯಂತೆ ತಲೆಯ ಮೇಲೇ ಹೊತ್ತು ಬರುತ್ತವೆ, ಎರಡು ಬೀಜದಳಗಳೂ ಅದರೊಳಗೆ ಸಿಕ್ಕಿಕೊಂಡಿರುತ್ತವೆ. ಚಿಪ್ಪಿನ ಮೇಲೆ ಒಂದು ಹನಿ ನೀರು ಬಿಟ್ಟು, ಕಾಲು ಗಂಟೆ ಮೆತ್ತಗಾಗಲು ಬಿಟ್ಟು, ಎರಡು ಉಗುರಿನಿಂದ ಹಿಂಡಿದರೆ ಚಿಪ್ಪು ಬಾಯಿ ಬಿಡುತ್ತದೆ. ಒಣಗಿದಂತೆಯೇ ಎಳೆದರೆ ತಲೆಯೇ ಕಿತ್ತು ಬರುತ್ತದೆ.

ನೀರು, ಗಾಳಿ ಮತ್ತು ಸಸಿ ಸಾಯುವ ರೋಗ

ಸಂಜೆ ಚೆನ್ನಾಗಿದ್ದ ಸಸಿಗಳು ಬೆಳಿಗ್ಗೆ ಸಾಲಾಗಿ ಮಲಗಿರುತ್ತವೆ. ಬಗ್ಗಿ ನೋಡಿದರೆ ಮಣ್ಣಿನ ಮಟ್ಟದಲ್ಲಿ ಕಾಂಡ ನೀರುನೀರಾಗಿ, ಯಾರೋ ದಾರ ಬಿಗಿದಂತೆ ಸೊರಗಿರುತ್ತದೆ. ಎಲೆಗಳು ಮಾತ್ರ ಇನ್ನೂ ಹಸಿರು. ಇದು ಸಸಿ ಕೊಳೆ ರೋಗ. ಪಿಥಿಯಮ್, ರೈಜೋಕ್ಟೋನಿಯಾದಂಥ ಶಿಲೀಂಧ್ರ ಮತ್ತು ಶಿಲೀಂಧ್ರದಂಥ ಜೀವಿಗಳ ಕೆಲಸ. ಬಿದ್ದ ಸಸಿಗೆ ಮದ್ದಿಲ್ಲ. ಆ ಗುಂಡಿಗಳನ್ನು ಮಣ್ಣಿನ ಸಮೇತ ಎತ್ತಿ ಕಸಕ್ಕೆ ಹಾಕಿ, ಉಳಿದವನ್ನು ಒಣಗಲು ಬಿಡಿ. ದಾಲ್ಚಿನ್ನಿ ಪುಡಿ ಉದುರಿಸಿ ಎಂಬ ಸಲಹೆ ಎಲ್ಲೆಡೆ ಓಡಾಡುತ್ತದೆ, ನನಗಂತೂ ಅದರಲ್ಲಿ ಭರವಸೆಯಿಲ್ಲ. ಈ ರೋಗ ಬೇಕೆನ್ನುವುದು ತಂಪು, ಅತಿ ತೇವ ಮತ್ತು ನಿಂತ ಗಾಳಿ, ಮೂರನ್ನೂ ತಪ್ಪಿಸಿದರೆ ಅದು ಬರುವುದೇ ಅಪರೂಪ.

ನೀರನ್ನು ಮೇಲಿನಿಂದ ಹುಯ್ಯದೆ ಕೆಳಗಿನ ತಟ್ಟೆಗೆ ಹಾಕಿ. ಗುಂಡಿಗಳು ತಳದ ತೂತಿನಿಂದ ಹೀರಿಕೊಳ್ಳಲಿ. 20 ನಿಮಿಷದ ಮೇಲೆ ಉಳಿದದ್ದನ್ನು ಚೆಲ್ಲಿ. ಮತ್ತೆ ಯಾವಾಗ ಎಂಬುದನ್ನು ಕೈ ಹೇಳುತ್ತದೆ: ಟ್ರೇಯ ಒಂದು ತುದಿ ಎತ್ತಿದಾಗ ಹಗುರವೆನಿಸಿ, ಮಿಶ್ರಣದ ಮೇಲ್ಮೈ ಬಣ್ಣ ತಿಳಿಯಾಗಿದ್ದರೆ ನೀರು ಕೊಡಿ. ದಿನಾ ಬೆಳಿಗ್ಗೆ ಕಾಫಿ ಹೀರುತ್ತಾ ನೀರು ಹನಿಸುವ ಅಭ್ಯಾಸ ಇದ್ದರೆ ಅದನ್ನು ಬಿಡಬೇಕು. ಸಣ್ಣ ಫ್ಯಾನನ್ನು ಕಡಿಮೆ ವೇಗದಲ್ಲಿ, ಎಲೆಗಳು ಅಲುಗುವಷ್ಟು ಮಾತ್ರ ಬೀಸುವಂತೆ ಇಡಿ. ಮೇಲ್ಮೈ ಒಣಗುತ್ತದೆ, ಅಲುಗಾಡುವ ಕಾಂಡ ಗಿಡ್ಡಗೆ ದಪ್ಪಗೆ ಬೆಳೆಯುತ್ತದೆ. ಮೇಲೆ ಸಣ್ಣ ಕಪ್ಪು ನೊಣಗಳು ಹಾರಾಡುತ್ತಿದ್ದರೆ ಅದೂ ಅತಿ ತೇವದ ಗುರುತೇ.

ಇನ್ನೊಂದು ಮಾತು ಕನ್ನಡಿಗರ ಮನೆಗೆ ಮಾತ್ರ ಅನ್ವಯಿಸುವುದು. ಚಳಿಗಾಲಕ್ಕೆಂದು ಒಳಗೆ ತಂದ ಕರಿಬೇವಿನ ಕುಂಡವನ್ನು ಸಸಿಗಳಿರುವ ಕೋಣೆಯಲ್ಲಿ ಇಡಬೇಡಿ. ಒಣ ಬಿಸಿ ಗಾಳಿಯಲ್ಲಿ ಬಳಲಿದ ಕರಿಬೇವಿನ ಎಲೆಯಡಿ ಹೇನೋ ನುಸಿಯೋ ಮನೆ ಮಾಡಿಕೊಂಡಿರುತ್ತವೆ, ಅವಕ್ಕೆ ಎಳೆ ಬದನೆ ಎಲೆ ಎಂದರೆ ಹಬ್ಬದೂಟ.

ಕುಂಡ ಬದಲಿಸುವುದು

ಮೊದಲು ಬರುವ ಒಂದು ಜೊತೆ ಬೀಜದಳಗಳು, ಆಮೇಲಿನವು ನಿಜವಾದ ಎಲೆಗಳು. ನಿಜವಾದ ಎಲೆ ಮೂಡಿದಾಗ ಗುಂಡಿಗೊಂದೇ ಸಸಿ ಉಳಿಸಿ. ಬೇಡವಾದುದನ್ನು ಕತ್ತರಿಯಿಂದ ಬುಡದಲ್ಲಿ ಕತ್ತರಿಸಿ, ಕಿತ್ತರೆ ಪಕ್ಕದ ಬೇರೂ ಅಲುಗುತ್ತದೆ. ಕತ್ತರಿಸಲು ಮನಸ್ಸಾಗುವುದಿಲ್ಲ ನಿಜ, ಆದರೆ ಒಂದು ಗುಂಡಿಯಲ್ಲಿ ಎರಡನ್ನು ಬಿಟ್ಟರೆ ಎರಡೂ ಬಡಕಲು. ಈ ಹಂತದಿಂದ ವಾರಕ್ಕೊಮ್ಮೆ ದ್ರವ ಗೊಬ್ಬರ ಕೊಡಿ, ಪೊಟ್ಟಣ ಹೇಳುವುದರ ಕಾಲು ಭಾಗದಿಂದ ಅರ್ಧದಷ್ಟು ಮಾತ್ರ.

ಎರಡು ಜೊತೆ ನಿಜವಾದ ಎಲೆ ಬಂದ ಮೇಲೆ ನಾಲ್ಕು ಅಂಗುಲದ ಕುಂಡಕ್ಕೆ ಬದಲಾಯಿಸಿ. ಹಿಡಿಯುವಾಗ ಎಲೆಯನ್ನು ಹಿಡಿಯಿರಿ. ಎಲೆ ಹರಿದರೆ ಇನ್ನೊಂದು ಬರುತ್ತದೆ, ಕಾಂಡ ನಲುಗಿದರೆ ಗಿಡ ಮುಗಿಯಿತು. ಟೊಮೆಟೊವನ್ನು ಬೀಜದಳದವರೆಗೂ ಹೂಳಿ, ಹೂತ ಕಾಂಡದುದ್ದಕ್ಕೂ ಹೊಸ ಬೇರು ಬರುತ್ತದೆ. ನೀಳವಾದ ಟೊಮೆಟೊಗೆ ಪರಿಹಾರವೂ ಇದೇ. ಮೆಣಸಿನಕಾಯಿ, ಬದನೆಗಳನ್ನು ಮೊದಲಿದ್ದ ಮಟ್ಟಕ್ಕೇ ನೆಡಿ. ಟೊಮೆಟೊ ಎಲೆಯ ಅಡಿ ನೇರಳೆ ಬಣ್ಣಕ್ಕೆ ತಿರುಗಿದರೆ ಬೇರಿಗೆ ಚಳಿಯಾಗಿ ರಂಜಕ ಹೀರಲಾಗುತ್ತಿಲ್ಲ ಎಂದು ಸಾಮಾನ್ಯವಾಗಿ ಅರ್ಥ. ಕುಂಡವನ್ನು ತಣ್ಣನೆಯ ಕಾಂಕ್ರೀಟ್ ನೆಲದಿಂದ ಎತ್ತಿಟ್ಟರೆ ಹೊಸ ಎಲೆ ಹಸಿರಾಗಿಯೇ ಬರುತ್ತದೆ.

ಬಿಸಿಲಿಗೆ ಪಳಗಿಸುವುದು

ಎರಡು ತಿಂಗಳು ದೀಪದಡಿ ಬೆಳೆದ ಸಸಿ ನಿಜವಾದ ಬಿಸಿಲನ್ನೂ ಗಾಳಿಯನ್ನೂ ಕಂಡೇ ಇಲ್ಲ. ನೇರ ಬಿಸಿಲಿಗಿಟ್ಟರೆ ಒಂದೇ ಮಧ್ಯಾಹ್ನದಲ್ಲಿ ಎಲೆಗಳ ಮೇಲೆ ಕಾಗದದಂಥ ಬಿಳಿ ಮಚ್ಚೆಗಳು ಬೀಳುತ್ತವೆ. ನಾಟಿಗೆ ಹತ್ತು ದಿನ ಮೊದಲು ಈ ಕೆಲಸ ಶುರು ಮಾಡಿ. ಮೊದಲೆರಡು ದಿನ ಗಾಳಿ ತಾಗದ ನೆರಳಿನಲ್ಲಿ ಒಂದೆರಡು ಗಂಟೆ. ಮೂರು, ನಾಲ್ಕನೆಯ ದಿನ ಬೆಳಗಿನ ಎಳೆಬಿಸಿಲು ಒಂದು ಗಂಟೆ, ಉಳಿದ ಹೊತ್ತು ನೆರಳು. ಹೀಗೇ ಹೆಚ್ಚಿಸುತ್ತಾ ಒಂದು ವಾರದ ಹೊತ್ತಿಗೆ ಇಡೀ ದಿನದ ಬಿಸಿಲು, ಕೊನೆಯ ಎರಡು ಮೂರು ರಾತ್ರಿ ಹೊರಗೇ ವಾಸ. ರಾತ್ರಿ ಹತ್ತು ಡಿಗ್ರಿಗಿಂತ ಕೆಳಗಿಳಿಯುವ ಸೂಚನೆ ಇದ್ದರೆ ಒಳಗೆ ತನ್ನಿ.

ಕಚೇರಿಗೆ ಹೋಗುವವರಿಗೆ ಇದು ತಲೆನೋವಿನ ಕೆಲಸ. ಮನೆಯ ಉತ್ತರದ ಗೋಡೆಯ ಪಕ್ಕ, ಮೋಡವಿರುವ ವಾರಾಂತ್ಯ ನೋಡಿ ಶುರು ಮಾಡಿದರೆ ಅರ್ಧ ಓಡಾಟ ಉಳಿಯುತ್ತದೆ. ಮೇ ತಿಂಗಳ ಬಿರುಗಾಳಿ ಇಲ್ಲಿ ಬಿಸಿಲಿಗಿಂತ ಹೆಚ್ಚು ಸಸಿಗಳನ್ನು ಮುರಿಯುತ್ತದೆ. ಖಾಲಿ ರಟ್ಟಿನ ಪೆಟ್ಟಿಗೆಯೊಳಗೆ ಕುಂಡಗಳನ್ನಿಟ್ಟರೆ ಗೋಡೆಗಳು ಗಾಳಿ ತಡೆಯುತ್ತವೆ, ಎತ್ತಿ ತರುವುದೂ ಸುಲಭ. ಈ ದಿನಗಳಲ್ಲಿ ಕುಂಡ ಬೇಗ ಒಣಗುತ್ತದೆ, ಸಂಜೆ ಒಮ್ಮೆ ಮುಟ್ಟಿ ನೋಡಿ.

ನಾಟಿ

ಗಾಳಿ ಬೆಚ್ಚಗಾದ ಮಾತ್ರಕ್ಕೆ ಮಣ್ಣು ಬೆಚ್ಚಗಾಗಿರುವುದಿಲ್ಲ. ಬೆಳಗಿನ ಹೊತ್ತು ನಾಲ್ಕು ಅಂಗುಲ ಆಳಕ್ಕೆ ಥರ್ಮಾಮೀಟರ್ ಚುಚ್ಚಿ ನೋಡಿ. ಟೊಮೆಟೊಗೆ 16 ಡಿಗ್ರಿಯಾದರೂ ಬೇಕು, ಬದನೆ, ಬೆಂಡೆ, ಹೀರೆ, ಹಾಗಲಗಳಿಗೆ 18ರಿಂದ 21. ತಣ್ಣನೆಯ ಮಣ್ಣಿಗೆ ಇಳಿಸಿದ ಬದನೆ ಸಾಯುವುದಿಲ್ಲ, ಮುನಿಸಿಕೊಂಡು ಮೂರು ವಾರ ಒಂದೂ ಎಲೆ ಬಿಡದೆ ನಿಲ್ಲುತ್ತದೆ. ಕಪ್ಪು ಪ್ಲಾಸ್ಟಿಕ್ ಹಾಳೆಯನ್ನು ಎರಡು ವಾರ ಮೊದಲೇ ಮಡಿಗೆ ಬಿಗಿಯಾಗಿ ಹಾಸಿದರೆ ಮಣ್ಣು ಬೇಗ ಕಾಯುತ್ತದೆ. ನೆಡುವಾಗ ಹಾಳೆಯಲ್ಲೇ ತೂತು ಮಾಡಿ ನೆಡಬಹುದು.

ನೆಡುವುದು ಸಂಜೆ ಅಥವಾ ಮೋಡವಿರುವ ದಿನ. ಒಂದು ಗಂಟೆ ಮೊದಲು ಕುಂಡಕ್ಕೆ ನೀರು ಕೊಡಿ, ಬೇರಿನ ಉಂಡೆ ಒಡೆಯದೆ ಇಡಿಯಾಗಿ ಜಾರುತ್ತದೆ. ಬಳ್ಳಿ ಕಾಯಿಗಳ ಬೇರನ್ನು ಬಿಡಿಸಲು ಹೋಗಬೇಡಿ. ಸಸಿಯ ಬುಡಕ್ಕೆ ಎರಡು ಅಂಗುಲ ಎತ್ತರದ ರಟ್ಟಿನ ಉಂಗುರ ಸುತ್ತಿ, ಅರ್ಧ ಮಣ್ಣಿನೊಳಗಿರಲಿ. ರಾತ್ರಿ ಬಂದು ಕಾಂಡವನ್ನು ಬುಡದಲ್ಲೇ ಕತ್ತರಿಸುವ ಹುಳುವಿಗೆ ಇಷ್ಟೇ ಅಡ್ಡಿ ಸಾಕು. ಮೊಲಗಳಿಗೆ ಮಾತ್ರ ರಟ್ಟು ಸಾಲದು. ಉಪನಗರದ ಮೊಲಕ್ಕೆ ಮೆಣಸಿನ ಸಸಿಯ ಎಳೆ ತುದಿ ಬಲು ಇಷ್ಟ, ಎರಡು ಅಡಿ ಎತ್ತರದ ಕೋಳಿಬಲೆ ಹಾಕದೆ ನೆಟ್ಟರೆ ಮರುದಿನ ಬರಿಯ ಕಡ್ಡಿ ಉಳಿದಿರುತ್ತದೆ.

ಮೇ ಕೊನೆಯವರೆಗೆ ಹವಾಮಾನ ವರದಿಯ ಮೇಲೆ ಕಣ್ಣಿಟ್ಟಿರಿ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯಲ್ಲಿ ವರದಿ ಎರಡು ಮೂರು ಡಿಗ್ರಿ ಎಂದು ಹೇಳಿದರೂ ನೆಲಮಟ್ಟದಲ್ಲಿ ಫ್ರಾಸ್ಟ್ ಬೀಳಬಹುದು. ಅಂಥ ಸಂಜೆ, ಬಿಸಿಲು ಇಳಿಯುವ ಮುಂಚೆಯೇ ಹಳೆಯ ಹತ್ತಿ ಸೀರೆಯನ್ನೋ ಹಾಸುಬಟ್ಟೆಯನ್ನೋ ನೆಲದವರೆಗೆ ಇಳಿಬಿಟ್ಟು ಹೊದಿಸಿ, ಅಂಚಿಗೆ ಕಲ್ಲು ಹೇರಿ. ನೆಲದ ಶಾಖ ಒಳಗೇ ನಿಲ್ಲಬೇಕು, ಗಿಡದ ತಲೆಗೆ ಮಾತ್ರ ಬಟ್ಟೆ ಸುತ್ತಿದರೆ ಉಪಯೋಗವಿಲ್ಲ. ಎಲೆಗೆ ಅಂಟಿಕೊಂಡ ಪ್ಲಾಸ್ಟಿಕ್ ಚಳಿಯನ್ನು ನೇರ ಎಲೆಗೇ ದಾಟಿಸುತ್ತದೆ, ಅದನ್ನು ಬಳಸಬೇಡಿ. ಬೆಳಿಗ್ಗೆ ಬಿಸಿಲೇರಿದ ಕೂಡಲೇ ಹೊದಿಕೆ ತೆಗೆದು, ಬುಡಕ್ಕೆ ಒಂದು ಚೊಂಬು ನೀರು ಕೊಡಿ.